ಎಂಟು ಮೂಲೆಯ ಸುಂಕದ ಮನೆ: ದಿನಚರಿಯ ಪುಟಗಳು

14 ಮೇ 2023, ಭಾನುವಾರ. ಬ್ಯಾಂಗರ್, ಉತ್ತರ ವೇಲ್ಸ್

ಮಳೆ ಬಿಟ್ಟಿತ್ತು, ಮಗಳಿಗೂ ರಜೆ. ಅಳಿಯಂದಿರು ಕಾರು ತೆಗೆದರು. ಮೆನಾಯ್ ತೂಗುಸೇತುವೆ ದಾಟಿ ಆಂಗಲ್‌ಸಿ ದ್ವೀಪಕ್ಕೆ ಹೋದೆವು. ನಾವು ದಾಟುವಾಗ ಸೇತುವೆಯ ಮೇಲೆ 7.5 ಟನ್ನಿಗಿಂತ ಭಾರದ ಗಾಡಿ ಬಿಡುತ್ತಿರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ತೂಗುಸರಳುಗಳ ಬಗ್ಗೆ ಅನುಮಾನ ಬಂದು ತಟ್ಟನೆ ಮುಚ್ಚಿದ್ದರು, ಫೆಬ್ರವರಿಯಲ್ಲಿ ಮತ್ತೆ ತೆರೆದರು. 1826ರ ಜನವರಿ 30ರಂದು ಸಂಚಾರಕ್ಕೆ ಬಿಟ್ಟ ಸೇತುವೆ ಇದು. ಎರಡು ಗೋಪುರಗಳ ನಡುವೆ 176 ಮೀಟರ್ ಅಂತರ. ಕಟ್ಟಿಸಿದವನು ಥಾಮಸ್ ಟೆಲ್ಫರ್ಡ್. ಕಾಲೇಜಿನಲ್ಲಿ ರಸ್ತೆ ಪಾಠದ ಮೊದಲ ಪುಟದಲ್ಲೇ ಎದುರಾಗಿದ್ದ ಹೆಸರು. ಇಷ್ಟು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕೆಲಸ ಮಾಡಿ ನಿವೃತ್ತನಾದ ಮೇಲೆ ಅವನ ಸೇತುವೆಯ ಮೇಲೆ ನಡೆಯುವ ಯೋಗ ಬಂತು.

ದಾಟಿ ಸ್ವಲ್ಪ ದೂರಕ್ಕೆ ಲ್ಯಾನ್‌ವೈರ್‌ಪುಲ್ ಎಂಬ ಹಳ್ಳಿ. ಉದ್ದನೆಯ ಹೆಸರಿನ ರೈಲ್ವೆ ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳಲು ಜನ ಇಲ್ಲಿಗೆ ಬರುತ್ತಾರೆ. ನನ್ನ ಕಣ್ಣು ಮಾತ್ರ ರಸ್ತೆ ಬದಿಯ ಒಂದು ಪುಟ್ಟ ಕಟ್ಟಡದ ಮೇಲೆ ನಿಂತಿತು. ಎಂಟು ಮೂಲೆಯ ಎರಡಂತಸ್ತಿನ ಗೋಪುರ, ಅದಕ್ಕೆ ಅಂಟಿಕೊಂಡ ಒಂದಂತಸ್ತಿನ ವಾಸದ ಭಾಗ, ಮುಂದೆ ಇಳಿಜಾರು ಮಾಡಿನ ಪಡಸಾಲೆ. ಗೋಡೆಯ ಮೇಲೆ ದೊಡ್ಡದೊಂದು ಹಲಗೆ, ಅದರ ತುಂಬ ಅಕ್ಷರ. ಇದು ಹಳೆಯ ಸುಂಕದ ಮನೆ.

"ಅಪ್ಪ, ಸ್ಟೇಷನ್ ಈ ಕಡೆ," ಅಂತ ಮಗಳು ಕರೆದಳು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ," ಅಂದೆ.

ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ರಸ್ತೆಗೆ ಮುಖ ಮಾಡಿದ ಚೌಕದ ಮನೆಯಾಗಿದ್ದರೆ ಕಿಟಕಿಯಿಂದ ಎದುರಿನ ಬೇಲಿ ಕಾಣುತ್ತಿತ್ತು, ಅಷ್ಟೆ. ಎರಡೂ ಕಡೆಯಿಂದ ಬರುವ ಗಾಡಿ ನೋಡಬೇಕೆಂದರೆ ಕಾವಲಿನವನು ಪ್ರತಿಸಲ ಹೊರಗೆ ಬರಬೇಕಿತ್ತು. ಎಂಟು ಮೂಲೆ ಮಾಡಿ ಮುಂದಕ್ಕೆ ಚಾಚಿದ್ದರಿಂದ ಒಂದು ಮುಖ ನೇರ ರಸ್ತೆಗೆ, ಪಕ್ಕದ ಎರಡು ಮುಖಗಳು 45 ಡಿಗ್ರಿ ತಿರುಗಿ ಒಂದು ಹಾಲಿಹೆಡ್ ಬಂದರಿನ ಕಡೆಗೆ, ಇನ್ನೊಂದು ಸೇತುವೆ ಕಡೆಗೆ. ಒಲೆಯ ಹತ್ತಿರ ಕೂತವನಿಗೂ ಮೂರು ದಿಕ್ಕು ಕಾಣುತ್ತದೆ. ಒಂದು ಇಟ್ಟಿಗೆಯೂ ಅಲಂಕಾರಕ್ಕಲ್ಲ. ಕಟ್ಟಡದ ಆಕಾರವನ್ನು ಅದರ ಕೆಲಸವೇ ತೀರ್ಮಾನಿಸಿರುವುದನ್ನು ಇಷ್ಟು ಸ್ಪಷ್ಟವಾಗಿ ನಾನು ಎಲ್ಲೂ ನೋಡಿರಲಿಲ್ಲ.

15 ಮೇ, ಸೋಮವಾರ

ಇಡೀ ದಿನ ಲೈಬ್ರರಿಯಲ್ಲಿ, ಸುಂಕದ ಮನೆಗಳ ಕಥೆ ಓದುತ್ತ.

ಇಂಗ್ಲೆಂಡಿನಲ್ಲಿ ರಸ್ತೆ ನೋಡಿಕೊಳ್ಳುವುದು ಆಯಾ ಊರಿನವರ ತಲೆಯ ಮೇಲಿತ್ತು. 1555ರ ಕಾನೂನಿನ ಪ್ರಕಾರ ಊರಿನ ಜನ ವರ್ಷಕ್ಕೆ 4 ದಿನ ಬಿಟ್ಟಿ ದುಡಿಯಬೇಕು. ಮುಂದೆ ಅದು 6 ದಿನವಾಯಿತು. ತಮ್ಮ ಊರಿನ ಮೇಲೆ ಹಾದುಹೋಗುವ ಪರಸ್ಥಳದ ಭಾರದ ಗಾಡಿಗಳಿಗಾಗಿ ತಾವೇಕೆ ಮಣ್ಣು ಹೊರಬೇಕು ಎಂಬುದು ರೈತರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಸಿಕ್ಕ ಉತ್ತರ ಸುಂಕ: ಸವೆಸಿದವನೇ ಕೊಡಲಿ. 1663ರಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಒಂದು ಭಾಗಕ್ಕೆ ಮೊದಲ ಅನುಮತಿ ಸಿಕ್ಕಿತು. ಆಮೇಲೆ ಪಾರ್ಲಿಮೆಂಟಿನಿಂದ ಒಂದೊಂದೇ ಕಾಯ್ದೆ ಪಡೆದು ಟರ್ನ್‌ಪೈಕ್ ಟ್ರಸ್ಟುಗಳು ಹುಟ್ಟಿದವು. ಊರಿನ ಜಮೀನ್ದಾರರು, ವರ್ತಕರು ಸೇರಿ ಸಾಲ ಎತ್ತುವುದು, ರಸ್ತೆ ಮಾಡುವುದು, ಗೇಟು ಹಾಕಿ ಸುಂಕ ಎತ್ತಿ ಸಾಲ ತೀರಿಸುವುದು. 1830ರ ದಶಕದ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಇಂಥ ಟ್ರಸ್ಟುಗಳು ಸಾವಿರದ ಆಸುಪಾಸು, ಅವುಗಳ ಕೈಯಲ್ಲಿದ್ದ ರಸ್ತೆ 20,000 ಮೈಲಿಗೂ ಹೆಚ್ಚು.

ಪ್ರತಿ ಗೇಟಿಗೂ ಒಬ್ಬ ಕಾವಲಿನವನು, ಅವನಿಗೊಂದು ಮನೆ. ರಾತ್ರಿ ಹನ್ನೆರಡಕ್ಕೆ ಗಾಡಿ ಬಂದರೂ ಎದ್ದು ಗೇಟು ತೆಗೆಯಬೇಕು, ಕಾಸು ಎಣಿಸಬೇಕು, ಚೀಟಿ ಕೊಡಬೇಕು. ಹಾಗಾಗಿ ಅದು ಕಚೇರಿಯೂ ಹೌದು, ಸಂಸಾರದ ಮನೆಯೂ ಹೌದು. ಎಷ್ಟೋ ಕಡೆ ಈ ಕೆಲಸ ಮಾಡಿದವರು ಹೆಂಗಸರು.

17 ಮೇ, ಬುಧವಾರ

ಬಸ್ಸಿನಲ್ಲಿ ಹಾಲಿಹೆಡ್ ತನಕ ಹೋಗಿ ಬಂದೆ. ಟೆಲ್ಫರ್ಡನ ಹಳೇ ರಸ್ತೆಯೇ ಇವತ್ತಿನ ಎ5.

ಈ ರಸ್ತೆ ಆದದ್ದೇ ರಾಜಕೀಯದಿಂದ. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನ ಜೊತೆ ಒಂದಾಯಿತು. ಡಬ್ಲಿನ್ನಿನ ಪಾರ್ಲಿಮೆಂಟ್ ಮುಚ್ಚಿತು. ಐರಿಶ್ ಸದಸ್ಯರು ಹಡಗಿನಲ್ಲಿ ಹಾಲಿಹೆಡ್‌ಗೆ ಬಂದು ಅಲ್ಲಿಂದ ಲಂಡನ್ನಿಗೆ ಗಾಡಿಯಲ್ಲಿ ಹೋಗಬೇಕು. ವೇಲ್ಸಿನ ಬೆಟ್ಟದ ದಾರಿಯಲ್ಲಿ ಗಾಡಿ ಉರುಳುತ್ತಿತ್ತು, ಕುದುರೆ ಕಾಲು ಮುರಿದುಕೊಳ್ಳುತ್ತಿತ್ತು. ಹೆನ್ರಿ ಪಾರ್ನೆಲ್ ಎಂಬ ಐರಿಶ್ ಸದಸ್ಯ ಪಟ್ಟು ಹಿಡಿದ. 1811ರಲ್ಲಿ ಟೆಲ್ಫರ್ಡ್ ಸರ್ವೆ ಮಾಡಿದ. 1815ರಲ್ಲಿ ಕಮಿಷನ್ ಆಯಿತು, ಸರ್ಕಾರವೇ ಹಣ ಕೊಟ್ಟಿತು. ಅದುವರೆಗೆ ಚೂರುಚೂರು ಟ್ರಸ್ಟುಗಳ ಕೈಯಲ್ಲಿದ್ದ ದಾರಿಗೆ ಒಬ್ಬನೇ ಎಂಜಿನಿಯರು, ಒಂದೇ ನಕಾಶೆ.

ಟೆಲ್ಫರ್ಡ್ ಸ್ಕಾಟ್ಲೆಂಡಿನ ಕುರಿಗಾಹಿಯ ಮಗ, ಕಲ್ಲುಕುಟಿಗನಾಗಿ ಕೆಲಸ ಕಲಿತವನು. ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ 1820ರಲ್ಲಿ ಮೊದಲ ಅಧ್ಯಕ್ಷನಾದ. ಬೆಟ್ಟದಲ್ಲೂ ಏರು 20ಕ್ಕೆ 1ರ ಆಸುಪಾಸಿಗೆ ಮಿತಿಗೊಳಿಸಿದ. ಕುದುರೆ ಓಟ ಬಿಡದೆ ಹತ್ತಬೇಕಲ್ಲ! ತಳಕ್ಕೆ ದೊಡ್ಡ ಕಲ್ಲುಗಳನ್ನು ಕೈಯಿಂದ ಒಂದೊಂದಾಗಿ ನಿಲ್ಲಿಸಿ ಜೋಡಿಸುವುದು, ಸಂದಿಗೆ ಚಕ್ಕೆ ಬಡಿಯುವುದು, ಅದರ ಮೇಲೆ ಅಳತೆ ಪ್ರಕಾರ ಒಡೆದ ಜಲ್ಲಿ. ನಮ್ಮ ಕಡೆ ಸೋಲಿಂಗ್ ಅಂತ ನಾವು ಹಾಸುತ್ತಿದ್ದದ್ದು ಇದರ ಸಂತಾನವೇ. ಕೆಲವು ಕಡೆ ರಸ್ತೆ ಬದಿಯ ಗೋಡೆಯಲ್ಲಿ ಒಳಕ್ಕೆ ಸರಿದ ಗೂಡುಗಳಿವೆ. ರಿಪೇರಿಯ ಜಲ್ಲಿ ರಾಶಿ ರಸ್ತೆಯ ಮೇಲೆ ಬೀಳದಿರಲಿ ಅಂತ ಅವಕ್ಕೆಂದೇ ಜಾಗ! ನಮ್ಮ ಮೈಲಿಕೂಲಿಗಳು ರಸ್ತೆ ಅಂಚಿನಲ್ಲಿ ಅಳತೆಗೆ ಕಟ್ಟುತ್ತಿದ್ದ ಜಲ್ಲಿ ರಾಶಿಗಳನ್ನು ನೆನೆದು ಅಲ್ಲಿ ತುಸು ಹೊತ್ತು ನಿಂತೆ. ನಿರ್ವಹಣೆಯನ್ನು ನಕಾಶೆ ಹಾಕುವಾಗಲೇ ಯೋಚಿಸಿದ ಎಂಜಿನಿಯರಿಗೆ ಕೈ ಮುಗಿಯಬೇಕು.

ಸುಂಕದ ಮನೆಯೂ ಅದೇ ಯೋಚನೆಯ ಭಾಗ. ಮೈಲಿಗಲ್ಲು, ಬದಿಗೋಡೆ, ಉದಯಿಸುವ ಸೂರ್ಯನ ಕಿರಣದಂತೆ ಸರಳುಗಳು ಹರಡಿದ ಕಬ್ಬಿಣದ ಗೇಟು, ಎಲ್ಲದಕ್ಕೂ ಒಂದೇ ಮಾದರಿ. ಆಂಗಲ್‌ಸಿಯಲ್ಲಿ ಐದು ಮನೆಗಳು: ಲ್ಯಾನ್‌ವೈರ್‌ಪುಲ್, ನಾಂಟ್, ಗ್ವಾಲ್ಖ್‌ಮಾಯ್, ಕೈರ್‌ಗೆಲಿಯಾಗ್, ಕೊನೆಗೆ 1823ರಲ್ಲಿ ಮುಗಿದ ರಸ್ತೆಯ ಏರಿಯ ಹತ್ತಿರ ಸ್ಟ್ಯಾನ್ಲಿ. ಇಲ್ಲಿ ಗೋಪುರ ಎರಡಂತಸ್ತು. ಆಚೆ ದಡದಲ್ಲಿ ಕಟ್ಟಿದವು ತಗ್ಗಾದ ಒಂದಂತಸ್ತಿನ ಮನೆಗಳು, ಆದರೆ ಮುಂದಕ್ಕೆ ಚಾಚಿದ ಆ ಮೂಲೆಮುಖ ಅವಕ್ಕೂ ಉಂಟು. ದೂರದಿಂದ ನೋಡಿದರೇ ಇದು ಯಾವ ಮನೆ ಅಂತ ಗಾಡಿಯವನಿಗೆ ತಿಳಿಯಬೇಕು, ಕಾಸು ಕೈಗೆ ಬರಬೇಕು.

20 ಮೇ, ಶನಿವಾರ

ಮತ್ತೆ ಲ್ಯಾನ್‌ವೈರ್‌ಪುಲ್. ಅಳಿಯಂದಿರೂ ಬಂದರು. ಇವತ್ತು ಹಲಗೆಯನ್ನು ಸಾವಕಾಶವಾಗಿ ಓದಿದೆ.

ಸ್ಪ್ರಿಂಗ್ ಇರುವ ಸಾರೋಟಿಗೆ ಕುದುರೆಯೊಂದಕ್ಕೆ 4 ಪೆನ್ನಿ. ಸರಕಿನ ಗಾಡಿಯಾದರೆ 3. ಗಾಡಿ ಎಳೆಯದೆ ಬರಿದೇ ಹೋಗುವ ಕುದುರೆಗೆ 1. ಎತ್ತು, ಹಸುಗಳ ಮಂದೆಗೆ ಇಪ್ಪತ್ತಕ್ಕೆ 10 ಪೆನ್ನಿ, ಕರು, ಕುರಿ, ಹಂದಿಗಳಾದರೆ ಇಪ್ಪತ್ತಕ್ಕೆ 5. ನಾಲ್ಕು ಕುದುರೆಯ ಸಾರೋಟು ಈ ಗೇಟು ದಾಟಲು 16 ಪೆನ್ನಿ ಕೊಡಬೇಕು. ಗೊಬ್ಬರದ ಗಾಡಿಗೆ ರಿಯಾಯಿತಿ.

"ಮಾವ, ಇದರಲ್ಲಿ ಮನುಷ್ಯರಿಗೆ ದರವೇ ಇಲ್ಲವಲ್ಲ," ಅಂದರು ಅಳಿಯಂದಿರು.

ನಿಜ. ನಡೆದು ಹೋಗುವವನು ರಸ್ತೆ ಸವೆಸುವುದಿಲ್ಲ. ಸವೆಸುವುದು ಗೊರಸು ಮತ್ತು ಚಕ್ರ. ಹಲಗೆಯಲ್ಲಿ ಇರುವುದು ಪೂರಾ ಎಂಜಿನಿಯರನ ಲೆಕ್ಕ. ನಾವು ಇವತ್ತು ಆಕ್ಸಲ್ ಲೋಡ್ ಅಂತ ಅಳೆಯುವುದನ್ನು ಅವರು ಕುದುರೆಯ ತಲೆ ಎಣಿಸಿ ಅಳೆದರು. ಟಪಾಲು ಗಾಡಿಗೆ ಸುಂಕವಿಲ್ಲ. ಗಾರ್ಡು ದೂರದಿಂದಲೇ ಕಹಳೆ ಊದುತ್ತಿದ್ದ, ಗಾಡಿ ಬರುವಷ್ಟರಲ್ಲಿ ಗೇಟು ತೆರೆದಿರಬೇಕು. ದಂಡು ಹೋಗುವಾಗ, ಚರ್ಚಿಗೆ ಹೋಗುವಾಗ, ಶವಯಾತ್ರೆಯಲ್ಲಿ ಸಹ ಮಾಫಿ ಇತ್ತು.

ನನಗೆ ಬಹಳ ಇಷ್ಟವಾದದ್ದು ಆ ಹಲಗೆಯ ಸ್ಥಾನ. ಅದು ಕಪಾಟಿನಲ್ಲಿಲ್ಲ, ಗುಮಾಸ್ತನ ದಫ್ತರದಲ್ಲಿಲ್ಲ. ಮನೆಯ ಹಣೆಯ ಮೇಲೇ ಬರೆದಿದೆ. ಓದಲು ಬಾರದ ಗಾಡಿಯವನೂ ಪಕ್ಕದವನಿಂದ ಓದಿಸಿಕೊಂಡು, ಕೇಳಿದ ಕಾಸು ಸರಿಯೋ ತಪ್ಪೋ ಅಂತ ಅಲ್ಲೇ ತಕರಾರು ಮಾಡಬಹುದಿತ್ತು. ಕೊಡುವವನು, ಕೊಳ್ಳುವವನು, ದರ, ಮೂರೂ ಒಂದೇ ಜಾಗದಲ್ಲಿ ಮುಖಾಮುಖಿ. ಸಾರ್ವಜನಿಕ ಹಣದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟಡ ಯಾವುದು?

28 ಮೇ, ಭಾನುವಾರ. ಕಾರ್ಡಿಫ್

ನಾಳೆಯೂ ರಜೆ ಅಂತ ಮಗಳು, ಅಳಿಯಂದಿರು ದಕ್ಷಿಣಕ್ಕೆ ಕರೆತಂದಿದ್ದಾರೆ. ಸೇಂಟ್ ಫ್ಯಾಗನ್ಸ್ ಬಯಲು ವಸ್ತುಸಂಗ್ರಹಾಲಯ ನೋಡಿದೆವು. ವೇಲ್ಸಿನ ಮೂಲೆಮೂಲೆಯಿಂದ ಹಳೆಯ ಮನೆಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಅದರಲ್ಲಿ ಅಬೆರಿಸ್ಟ್‌ವಿತ್ ಪಟ್ಟಣದ ದಕ್ಷಿಣ ಗೇಟಿನ ಸುಂಕದ ಮನೆಯೂ ಒಂದು. 1771ರದ್ದು, ಟೆಲ್ಫರ್ಡನ ಮನೆಗಳಿಗಿಂತ ಅರ್ಧ ಶತಮಾನ ಹಿಂದಿನದು. ಗೋಪುರವಿಲ್ಲ, ಯಾವ ಠೀವಿಯೂ ಇಲ್ಲ. ಬಡವರ ಪುಟ್ಟ ಮನೆ, ಹೊರಗೆ ದರದ ಹಲಗೆ. ಬಾಗಿಲು ತೆರೆದರೆ ರಸ್ತೆ. ಒಳಗೆ ನಿಂತಾಗ ಭಯವಾಯಿತು. ರಾತ್ರಿ ಹೊರಗೆ ಗುಂಪು ಸೇರಿದರೆ ಈ ಮನೆಯಲ್ಲಿ ಅಡಗಲು ಒಂದು ಮೂಲೆಯೂ ಇಲ್ಲ.

ಗುಂಪು ಸೇರಿದ ಕಾಲವೂ ಬಂತು. ದಕ್ಷಿಣ ಮತ್ತು ಪಶ್ಚಿಮ ವೇಲ್ಸಿನಲ್ಲಿ ಒಂದೊಂದು ಪಟ್ಟಣದ ಸುತ್ತ ಹಲವು ಟ್ರಸ್ಟುಗಳ ಗೇಟುಗಳು. ಸುಂಕ ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆ ಕೊಡುತ್ತಿದ್ದರು. ಹೆಚ್ಚು ಕೂಗಿದವನು ಕೊಟ್ಟದ್ದಕ್ಕಿಂತ ಹೆಚ್ಚು ಎತ್ತಬೇಕಲ್ಲ, ಅಡ್ಡದಾರಿಗಳಿಗೂ ಗೇಟು ಬಿತ್ತು. ಅಲ್ಲಿನ ಮಣ್ಣು ಹುಳಿ ಮಣ್ಣು, ಸುಣ್ಣ ಹಾಕದಿದ್ದರೆ ಬೆಳೆ ಏಳದು. ರೈತ ಗೂಡಿನಿಂದ ಒಂದು ಗಾಡಿ ಸುಣ್ಣ ತರುವಷ್ಟರಲ್ಲಿ ಗೇಟಿನ ಮೇಲೆ ಗೇಟು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? 1839ರ ಮೇ 13ರಂದು ಎವಾಯ್ಲ್‌ವೆನ್ ಎಂಬಲ್ಲಿನ ಹೊಸ ಗೇಟನ್ನು ಜನ ಕಿತ್ತು ಹಾಕಿದರು. ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಬಂದಿದ್ದರು. ಮುಂದಾಳನ್ನು ರೆಬೆಕ ಎಂದು ಕರೆದರು. ಬೈಬಲಿನಲ್ಲಿ ರೆಬೆಕಳ ಸಂತತಿ ವೈರಿಗಳ ದ್ವಾರಗಳನ್ನು ವಶಪಡಿಸಿಕೊಳ್ಳಲಿ ಎಂಬ ಹರಕೆ ಬರುತ್ತದೆ. 1842, 43ರಲ್ಲಿ ಇದು ಊರಿಂದ ಊರಿಗೆ ಹಬ್ಬಿತು. ಗೇಟು ಮುರಿಯುವುದು, ಸುಂಕದ ಮನೆಯ ಮಾಡು ಇಳಿಸುವುದು, ಬೆಂಕಿ ಇಡುವುದು.

1843ರ ಸೆಪ್ಟೆಂಬರ್ 9ರ ರಾತ್ರಿ ಹೆಂಡಿ ಎಂಬಲ್ಲಿನ ಗೇಟಿನ ಮನೆಗೆ ಬೆಂಕಿ ಬಿತ್ತು. ಗೇಟು ಕಾಯುತ್ತಿದ್ದ ವೃದ್ಧೆ ಸಾರಾ ವಿಲಿಯಮ್ಸ್ ಸಾಮಾನು ಉಳಿಸಿಕೊಳ್ಳಲು ಒದ್ದಾಡಿದಳು. ನೆರೆಮನೆಯವರ ನೆರವು ಕೇಳಲು ಓಡಿದಳು. ಗುಂಡು ತಗುಲಿ ಸತ್ತಳು. ವಿಚಾರಣೆಯ ಪಂಚರು ಎದೆಯಲ್ಲಿ ರಕ್ತ ಸೋರಿ ಸತ್ತಳು, ಕಾರಣ ತಿಳಿಯದು ಎಂದು ಬರೆದುಕೊಟ್ಟರು.

ರಾತ್ರಿ ಇದನ್ನೇ ಯೋಚಿಸುತ್ತಿದ್ದೇನೆ. ರೈತರ ಸಿಟ್ಟು ನ್ಯಾಯವಾದದ್ದು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗವೂ ಅದನ್ನು ಒಪ್ಪಿತು. 1844ರ ಕಾಯ್ದೆಯಿಂದ ದಕ್ಷಿಣ ವೇಲ್ಸಿನ ಟ್ರಸ್ಟುಗಳು ಜಿಲ್ಲಾವಾರು ರಸ್ತೆ ಮಂಡಲಿಗಳ ಕೈಗೆ ಹೋದವು, ಸುಣ್ಣದ ಸುಂಕ ಅರ್ಧಕ್ಕಿಳಿಯಿತು. ಆದರೆ ಗೇಟು ಹಾಕಿದ ಜಮೀನ್ದಾರ, ಹರಾಜು ಕೂಗಿದ ಗುತ್ತಿಗೆದಾರ ಇಬ್ಬರೂ ಅವತ್ತು ರಾತ್ರಿ ಹೆಂಡಿಯಲ್ಲಿರಲಿಲ್ಲ. ಕಿಟಕಿಯಲ್ಲಿ ಕಾಣಿಸುತ್ತಿದ್ದದ್ದು ಆ ಮುದುಕಿ ಒಬ್ಬಳೇ. ಮೇಲಿನವರು ಮಾಡಿದ ಅನ್ಯಾಯದ ದರ ಕಿಟಕಿಯಲ್ಲಿ ಕೂತವರ ತಲೆಗೆ ಬೀಳುತ್ತದೆ. ನಮ್ಮ ಟೋಲ್ ಪ್ಲಾಜಾಗಳ ಗೂಡಿನಲ್ಲಿ ಕೂತ ಹುಡುಗ ಹುಡುಗಿಯರು ದಿನಾ ಬೈಗುಳ ತಿನ್ನುವುದನ್ನು ನೋಡಿದ್ದೇನೆ. ಅವರಲ್ಲಿ ಯಾರೂ ದರ ನಿಗದಿ ಮಾಡಿದವರಲ್ಲ.

31 ಮೇ, ಬುಧವಾರ. ಬ್ಯಾಂಗರ್

ಸುಂಕದ ಮನೆಗಳ ಕಾಲ ಮುಗಿಸಿದ್ದು ರೈಲು. 1850ರಲ್ಲಿ ರಾಬರ್ಟ್ ಸ್ಟೀಫನ್‌ಸನ್‌ನ ಬ್ರಿಟಾನಿಯ ಸೇತುವೆ ಮೇಲೆ ರೈಲು ಮೆನಾಯ್ ಜಲಸಂಧಿ ದಾಟಿತು. ಟೆಲ್ಫರ್ಡನ ತೂಗುಸೇತುವೆಗೆ ಆಗಿನ್ನೂ 24 ವರ್ಷ. ಸಾರೋಟುಗಳು ನಿಂತವು. ವರಮಾನ ಬತ್ತಿ ಟ್ರಸ್ಟುಗಳು ದೇಶದ ತುಂಬ ಒಂದೊಂದಾಗಿ ಮುಚ್ಚಿದವು. 1888ರ ಕಾಯ್ದೆ ಮುಖ್ಯ ರಸ್ತೆಗಳನ್ನು ಕೌಂಟಿ ಕೌನ್ಸಿಲ್ಲುಗಳಿಗೆ ಒಪ್ಪಿಸಿತು. ಎಲ್ಲಕ್ಕೂ ಕೊನೆಗೆ ಉಳಿದದ್ದು ಇದೇ ಆಂಗಲ್‌ಸಿ ರಸ್ತೆ. 1895ರ ನವೆಂಬರ್ 1ರಂದು ಇಲ್ಲಿಯೂ ಸುಂಕ ನಿಂತಿತು. ನಾನು ನಿಂತು ನೋಡಿದ ಮನೆ, ಇಡೀ ಬ್ರಿಟನ್ನಿನ ಟರ್ನ್‌ಪೈಕ್ ಚರಿತ್ರೆಯ ಕೊನೆಯ ರಸ್ತೆಯ ಮೇಲಿನದು ಅಂತ ಆಯಿತು.

ರಸ್ತೆಗೆ ಮೂಗು ಚಾಚಿ ನಿಲ್ಲುವುದೇ ಈ ಮನೆಗಳ ಗುಣ. ಅದೇ ಅವಕ್ಕೆ ಮುಳುವೂ ಆಯಿತು. ಮೋಟಾರು ಬಂದು ರಸ್ತೆ ಅಗಲವಾದಾಗ ಎಲ್ಲೆಡೆ ಮೊದಲು ಬಿದ್ದದ್ದು ಇವೇ. ಉಳಿದವು ಯಾರದೋ ವಾಸದ ಮನೆಗಳಾದವು. ಲ್ಯಾನ್‌ವೈರ್‌ಪುಲ್‌ನ ಮನೆಗೆ ಒಳ್ಳೆಯ ನೆರೆ ಸಿಕ್ಕಿತು. ಬ್ರಿಟನ್ನಿನ ಮೊದಲ ವಿಮೆನ್ಸ್ ಇನ್‌ಸ್ಟಿಟ್ಯೂಟ್ 1915ರಲ್ಲಿ ಶುರುವಾದದ್ದು ಈ ಹಳ್ಳಿಯಲ್ಲೇ, ಅವರ ಸಭಾಂಗಣ ಸುಂಕದ ಮನೆಯ ಮಗ್ಗುಲಲ್ಲೇ ಇದೆ.

ಹಳ್ಳಿಯನ್ನು ಬಳಸಿ ಹೋಗುವ ಎ55 ದ್ವಿಪಥ ದ್ವೀಪದ ಉದ್ದಕ್ಕೂ ಪೂರ್ತಿಯಾದದ್ದು 2001ರಲ್ಲಿ. ಅಲ್ಲಿ ಗೇಟೂ ಇಲ್ಲ, ಮನೆಯೂ ಇಲ್ಲ. ಖಾಸಗಿ ಹಣದಲ್ಲಿ ಕಟ್ಟಿಸಿ, ಓಡಾಡುವವರ ಬದಲು ಸರ್ಕಾರವೇ ಕಂಪನಿಗೆ ವರ್ಷಗಟ್ಟಲೆ ಕಂತು ಕಟ್ಟುವ ಕರಾರು. ಅಂದರೆ ಸುಂಕ ಹೋಗಿಲ್ಲ, ಹಲಗೆ ಹೋಗಿದೆ. ನಮ್ಮಲ್ಲೂ ಫೆಬ್ರವರಿ 2021ರಿಂದ ಫಾಸ್ಟ್ಯಾಗ್ ಕಡ್ಡಾಯ. ಗಾಡಿ ಹೋಗುತ್ತಲೇ ಇರುತ್ತದೆ, ಹಣ ಕಳೆದದ್ದು ಮೊಬೈಲಿನಲ್ಲಿ ಬರುತ್ತದೆ. ಸಾಲಿನಲ್ಲಿ ಕಾಯುವ ಕಷ್ಟ ತಪ್ಪಿದ್ದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು, ಯಾಕೆ, ಎಲ್ಲಿಯತನಕ ಅಂತ ಕೇಳುವ ಜಾಗ ಒಂದು ಇರಲೇಬೇಕು. ಅನುಕೂಲ ಹೆಚ್ಚಿದಷ್ಟೂ ಆ ಜಾಗವನ್ನು ಬೇಕೆಂದೇ ಉಳಿಸಿಕೊಳ್ಳಬೇಕಾಗುತ್ತದೆ.

3 ಜೂನ್, ಶನಿವಾರ

ಊರಿಗೆ ಹೊರಡುವ ತಯಾರಿ. ಪೆಟ್ಟಿಗೆ ಕಟ್ಟುವುದು ಹೆಂಡತಿಯ ಕೆಲಸ, ಬರೆಯುವುದು ನನ್ನದು.

ಸುಂಕ ನಮಗೇನು ಹೊಸತಲ್ಲ. ಹೆಜ್ಜುಂಕ, ವಡ್ಡರಾವುಳ ಅಂತ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಓದುತ್ತೇವೆ. ವಚನಕಾರರಲ್ಲಿ ಸುಂಕದ ಬಂಕಣ್ಣ ಇದ್ದಾನೆ. ಸುಂಕ ವಸೂಲಿಯೇ ಅವನ ಕಾಯಕ, ಬಂಕೇಶ್ವರಲಿಂಗ ಅವನ ಅಂಕಿತ. ಜನ ಮುಖ ಸಿಂಡರಿಸುವ ಕೆಲಸವನ್ನೂ ಕಾಯಕವೆಂದು ನಂಬಿ ಪ್ರಾಮಾಣಿಕವಾಗಿ ಮಾಡಬಹುದು ಎಂದು ತೋರಿಸಿದ ಪರಂಪರೆ ನಮ್ಮದು. ಸಾರಾ ವಿಲಿಯಮ್ಸ್‌ಳನ್ನು ನೆನೆದಾಗ ಈ ಹೆಸರೂ ನೆನಪಿಗೆ ಬಂತು.

ನನ್ನ ಬಾಲ್ಯದಲ್ಲಿ ಊರ ಹೊರಗೆ ಜಕಾತಿ ನಾಕೆ ಇತ್ತು. ಅದು ರಸ್ತೆಯ ಸುಂಕವಲ್ಲ, ಪೇಟೆಗೆ ಬರುವ ಸರಕಿನ ಮೇಲಿನದು. ಆದರೂ ಕಟ್ಟಡದ ಕುಲ ಒಂದೇ: ರಸ್ತೆಗೆ ಚಾಚಿದ ಜಗುಲಿ, ಕಂಬಿಯ ಕಿಟಕಿ, ಅಡ್ಡಗಟ್ಟುವ ಮರದ ದಿಮ್ಮಿ, ಗೋಡೆಯ ಮೇಲೆ ದರದ ಪಟ್ಟಿ. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ಎನ್ನುವ ಈ ಜಕಾತಿಯನ್ನು ತೆಗೆದುಹಾಕಿದ ಮೇಲೆ ಆ ನಾಕೆಗಳು ಹಮಾಲರ ತಂಗುದಾಣವೋ ಚಹದ ಅಂಗಡಿಯೋ ಆದವು. ಎಷ್ಟೋ ಬಿದ್ದುಹೋದವು. ಕೋಟೆ, ದೇವಸ್ಥಾನಗಳಿಗೆ ಇರುವಂತೆ ಇವಕ್ಕೆ ವಾರಸುದಾರರಿಲ್ಲ. ಆದರೆ ರಾಜ್ಯಕ್ಕೂ ರೈತನ ಗಾಡಿಗೂ ದಿನನಿತ್ಯ ಭೇಟಿಯಾಗುತ್ತಿದ್ದದ್ದು ದೇವಸ್ಥಾನದಲ್ಲಲ್ಲ, ಇಲ್ಲಿ.

ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಈಗ ನಮ್ಮ ಜಿಲ್ಲೆಯಲ್ಲೇ ಕಾರ್ಯನಿರ್ವಾಹಕ ಎಂಜಿನಿಯರು. ಅವನಿಗೆ ಇವತ್ತು ಉದ್ದನೆಯ ಪತ್ರ ಬರೆದೆ. ಲ್ಯಾನ್‌ವೈರ್‌ಪುಲ್ ಮನೆಯ ಕೈನಕಾಶೆಯನ್ನೂ ಫೋಟೊ ತೆಗೆದು ಜೊತೆಗೆ ಕಳಿಸಿದೆ. ಕೇಳಿದ್ದು ಇಷ್ಟೇ: ಅವನ ವಿಭಾಗದ ರಸ್ತೆಗಳ ಮೇಲೆ ಉಳಿದಿರುವ ಹಳೆಯ ನಾಕೆ, ಚೌಕಿಗಳ ಪಟ್ಟಿ ಮಾಡಿಸು. ಒಂದೊಂದರ ಅಳತೆ ತೆಗೆಸು. ಗೋಡೆಯಲ್ಲಿ ದರದ ಅಕ್ಷರ ಏನಾದರೂ ಮಾಸದೆ ಉಳಿದಿದ್ದರೆ ಸುಣ್ಣ ಬಳಿಯುವ ಮೊದಲು ನಕಲು ಮಾಡಿಸು. ಎಲ್ಲವನ್ನೂ ಉಳಿಸಲು ಆಗದು, ಅದು ನನಗೂ ಗೊತ್ತು. ಗಟ್ಟಿಯಾಗಿರುವ ಒಂದನ್ನಾದರೂ ಉಳಿಸಿ, ಆ ರಸ್ತೆಗೆ ಈ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂಬ ಫಲಕವನ್ನು ಅದರ ಗೋಡೆಗೇ ಹಾಕಿಸು. ರಸ್ತೆ ಅಗಲೀಕರಣದ ಕೆಂಪು ಗುರುತು ಬೀಳುವ ಮೊದಲೇ ಈ ಕೆಲಸ ಆಗಬೇಕು ಎಂದು ಅಡಿಗೆರೆ ಎಳೆದು ಬರೆದಿದ್ದೇನೆ. ಊರು ಮುಟ್ಟಿದ ಮೇಲೆ ಟೇಪು ಹಿಡಿದು ಮೊದಲ ನಾಕೆಗೆ ನಾನೇ ಅವನ ಜೊತೆ ಹೋಗುತ್ತೇನೆ.